ಮುಖದ ಉರಿ

ಬೆಳಗಾಗೆದ್ದು ಕಣ್ಣು ಬಿಡುವ ಮೊದಲೇ ಶಾರವ್ವ ಎಡಗೈಯ ಹಿಂಬದಿಯನ್ನು ಕೆನ್ನೆಗೆ ತಾಗಿಸಿ ನೋಡಿಕೊಂಡಳು. ಮೂರು ವರ್ಷದಿಂದ ಅದು ರೂಢಿಯಾಗಿತ್ತು. ತಣ್ಣಗಿದ್ದರೆ ಆ ದಿನ ತಲೆ ಎತ್ತಿ ನಡೆಯಬಹುದು; ಬೆಚ್ಚಗಿದ್ದರೆ ಸೆರಗನ್ನು ಎಲ್ಲಿಯವರೆಗೆ ಎಳೆದುಕೊಳ್ಳಬೇಕು ಎಂದು ಹಾಸಿಗೆಯಲ್ಲೇ ಯೋಚಿಸಬೇಕು. ಇವತ್ತು ಬೆಚ್ಚಗಿತ್ತು. ಬೆರಳು ಮೂಗಿನ ಪಕ್ಕಕ್ಕೆ ಸರಿದಾಗ ನಿನ್ನೆ ಇರದಿದ್ದ ಎರಡು ಹೊಸ ಗುಳ್ಳೆ ಸಿಕ್ಕವು, ಗಟ್ಟಿಯಾಗಿ, ಒಳಗೆ ನೋವು ಇಟ್ಟುಕೊಂಡು. ಮೂವತ್ತಾರು ವರ್ಷದ ಹೆಂಗಸು, ಗಂಡ ಸತ್ತು ಹದಿನಾಲ್ಕು ವರ್ಷವಾದವಳು, ತಿಳವಳ್ಳಿಯ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಅವಳ ಮುಖದ ತುಂಬ ಮೊಡವೆ. ಹದಿನಾರರಲ್ಲಿ ಏಳಬೇಕಾದದ್ದು ಆಗ ಏಳಲಿಲ್ಲ. ಸೊಸೆಯಾಗಿ ಮನೆಗೆ ಬಂದಾಗ ಮುಖದ ಮೇಲೆ ಒಂದು ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ ಎಂದು ಅತ್ತೆ ಮಂಜವ್ವ ಈಗಲೂ ಹೇಳುತ್ತಾಳೆ, ಯಾರೋ ಕದ್ದುಕೊಂಡು ಹೋದ ವಸ್ತುವಿನ ಬಗ್ಗೆ ಹೇಳುವ ಹಾಗೆ. ಮೊದಲು ಬಂದದ್ದು ಬರೀ ಕೆಂಪು. ಬಿಸಿಲಿಗೆ ಹೋಗಿ ಬಂದರೆ, ಒಲೆಯ ಮುಂದೆ ಕೂತರೆ, ಯಾರಾದರೂ ಎರಡು ಮಾತು ಗಟ್ಟಿಯಾಗಿ ಅಂದರೆ ಕೆನ್ನೆಗೆ ಏರಿ ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಆಮೇಲೆ ಇಳಿಯುವುದು ತಡವಾಗತೊಡಗಿತು. ಆಮೇಲೆ ಇಳಿಯಲೇ ಇಲ್ಲ. ಆ ಕೆಂಪಿನ ಮೇಲೆ ಗುಳ್ಳೆಗಳು ಎದ್ದವು, ಬಿದ್ದವು, ಮತ್ತೆ ಎದ್ದವು.

ಬಾವಿಯ ಹತ್ತಿರ ಒಂದು ಸಲ ಬೆನ್ನ ಹಿಂದೆ ಯಾರೋ ಅಂದದ್ದು ಕೇಳಿಸಿತ್ತು: "ಅಕ್ಕೋರಿಗೆ ಈಗ ಹರೇ ಬಂದಂಗ ಕಾಣ್ತೈತಿ ನೋಡವಾ." ನಕ್ಕದ್ದೂ ಕೇಳಿಸಿತ್ತು. ಅವಳು ತಿರುಗಲಿಲ್ಲ. ಕೊಡ ಎತ್ತಿಕೊಂಡು ಬಂದಳು. ಆದರೆ ದಾರಿಯುದ್ದಕ್ಕೂ, ಪೊಲೀಸರು ಮನೆ ಝಡತಿ ಮಾಡುವ ಹಾಗೆ, ತನ್ನೊಳಗನ್ನು ತಾನೇ ಹುಡುಕಿದಳು. ಸಿಕ್ಕದ್ದು ಇಷ್ಟೇ: ಐದಾರು ವರ್ಷದ ಹಿಂದೆ ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರರೊಬ್ಬರು ಅವಳ ಅಕ್ಷರವನ್ನು ಹೊಗಳಿದ್ದು, ಆ ಮಾತನ್ನು ಅವಳು ಒಂದು ವಾರ ಮತ್ತೆ ಮತ್ತೆ ನೆನೆಸಿಕೊಂಡದ್ದು. ಇಷ್ಟಕ್ಕೆ ಮುಖ ಹೀಗೆ ಸುಡಬೇಕೆ? ಸುಡಬೇಕಾದರೆ ಬೇರೆ ಏನೋ ಇರಬೇಕು. ಆ ಬೇರೆ ಏನು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹುಡುಕಾಟ ಪ್ರತಿಸಲವೂ ಅದರ ಬಾಗಿಲ ತನಕ ಹೋಗಿ ಹಿಂದಿರುಗುತ್ತಿತ್ತು.

ಮಂಜವ್ವನ ಔಷಧಿಗಳಿಗೆ ಲೆಕ್ಕವಿರಲಿಲ್ಲ. ಜಾಜಿಕಾಯಿಯನ್ನು ಹಾಲಿನಲ್ಲಿ ತೇದು ಹಚ್ಚಿದಳು, ಮುಖ ಬೆಂಕಿಯಾಯಿತು. ಬೇವಿನ ಎಲೆ ಅರೆದಳು. ಕಡಲೆಹಿಟ್ಟು, ಲಿಂಬೆಹುಳಿ. ಒಂದು ದಿನ ಹಸಿ ಅರಿಷಿಣ ಅರೆದು ತಂದು, "ಯಾರ ನೋಡ್ತಾರ, ಹಚ್ಕೊಂಡ ಕುಂದ್ರು" ಎಂದು ತಾನೇ ಬಳಿದಳು. ಶಾರವ್ವ ಹಿಂದಿನ ಪಡಸಾಲೆಯಲ್ಲಿ ಹಳದಿ ಮುಖ ಹೊತ್ತು ಕೂತಿದ್ದಾಗ ನೆರೆಮನೆಯ ಅಡಿವೆವ್ವ ಮಜ್ಜಿಗೆ ಕೇಳಲು ಹಿತ್ತಲ ಬಾಗಿಲಿನಿಂದ ಬಂದಳು. "ಅಯ್ಯ, ಅರಿಷಿಣ ಹಚ್ಚೀರಿ?" ಎಂದಳು. ಅಷ್ಟೇ ಅಂದಳು. ಮಜ್ಜಿಗೆ ಒಯ್ಯದೆ ಹಾಗೇ ತಿರುಗಿ ಹೋದಳು. ಗಂಡನಿಲ್ಲದವಳು ಅರಿಷಿಣ ಮೆತ್ತಿಕೊಂಡು ಕೂತಿದ್ದ ಸುದ್ದಿ ಸಂಜೆಯೊಳಗೆ ಓಣಿಯ ಕೊನೆ ಮುಟ್ಟಿತ್ತು. ಅಂದಿನಿಂದ ಶಾರವ್ವ ಎಲ್ಲ ಲೇಪಗಳನ್ನೂ ಬಿಟ್ಟು ಬರೀ ತೊಳೆಯತೊಡಗಿದಳು. ದಿನಕ್ಕೆ ಐದು ಸಲ, ಬಟ್ಟೆ ಒಗೆಯುವ ಸಾಬೂನಿನಿಂದ, ಒರಟು ಅರಿವೆಯಿಂದ ತಿಕ್ಕಿ ತಿಕ್ಕಿ. ಹೊಲಸು ಹೋಗುತ್ತದೆ ಎಂದು ತಿಳಿದಿದ್ದಳು. ಹೊಲಸು ಇದ್ದರಲ್ಲವೆ ಹೋಗುವುದು, ಎಂಬ ಮಾತೂ ಒಳಗೆ ಇತ್ತು. ಕೈ ಮಾತ್ರ ತಿಕ್ಕುತ್ತಲೇ ಇತ್ತು.

ಶಾಲೆಯೆಂದರೆ ಒಂದು ದೊಡ್ಡ ಕೋಣೆ, ಮುಂದೆ ಜಗಲಿ. ಒಂದರಿಂದ ನಾಲ್ಕನೆಯ ತನಕ ಇಪ್ಪತ್ತೇಳು ಹುಡುಗಿಯರು, ಅವಳೊಬ್ಬಳೇ ಕಲಿಸುವವಳು. ಮನೆಯಲ್ಲಿ ಕನ್ನಡಿ ಇರಲಿಲ್ಲ. ಶಾಲೆಯ ಗೋಡೆಯ ಮೇಲೆ ವಿಲಾಯತಿಯ ಹಿಂದಿನ ಬಾದಶಹನ, ಗಾಜು ಹಾಕಿದ ಫೋಟೊ ಇನ್ನೂ ಇತ್ತು. ಕಿಟಕಿಯ ಬೆಳಕು ಬಿದ್ದಾಗ ಬಾದಶಹನ ಗಡ್ಡದ ಮೇಲೆ ಅವಳ ಕೆನ್ನೆ ಮೂಡುತ್ತಿತ್ತು. ಆವತ್ತು ಅವಳು ಮಗ್ಗಿ ಹೇಳಿಸುತ್ತ ಅದನ್ನೇ ಕದ್ದು ನೋಡುತ್ತಿದ್ದಾಗ ಜಗಲಿಯಲ್ಲಿ ಮೆಟ್ಟು ಬಿಡುವ ಸದ್ದಾಯಿತು. ಪರಮೇಶ್ವರಪ್ಪನವರು. ಭತ್ತ ಮತ್ತು ಮೆಣಸಿನಕಾಯಿಯ ವ್ಯಾಪಾರಿ, ಶಾಲೆಯ ಕಮಿಟಿಯ ಹಿರಿಯರು. ಅವರ ಮೊಮ್ಮಗಳು ಎರಡನೆಯ ಇಯತ್ತೆಯಲ್ಲಿದ್ದಳು. ಇವತ್ತು ಮೊಮ್ಮಗಳು ಬಂದಿರಲಿಲ್ಲ ಎಂಬುದು ಶಾರವ್ವನಿಗೆ ಆಗ ಹೊಳೆಯಿತು.

"ಬರ್ರಿ, ಕುಂದರ್ರಿ," ಎಂದಳು.

"ಇಲ್ರಿ ಅಕ್ಕೋರ, ನಿಂತಽ ಹೇಳಿ ಹೋಗ್ತೇನಿ." ಅವರು ಅವಳನ್ನು ನೋಡಲಿಲ್ಲ. ಗೋಡೆಗೆ ತೂಗುಹಾಕಿದ ಮುಂಬೈ ಇಲಾಖೆಯ ನಕಾಶೆಯನ್ನು, ಅಲ್ಲಿ ಯಾವುದೋ ಊರು ಹುಡುಕುವವರಂತೆ, ನೋಡುತ್ತ ನಿಂತರು. "ಊರಾಗ ಮಂದಿ ಮಾತಾಡಾಕತ್ತಾರ್ರಿ."

"ಏನಂತ್ರಿ?"

"ನಿಮ್ಮ ಮಾರಿದು... ಅದು ದೊಡ್ಡ ಜಡ್ಡು ಇರಬೇಕು ಅಂತ. ನಾ ಅನ್ನೂದಿಲ್ರಿ. ಹೆಣ್ಣಮಕ್ಕಳು ಅಂತಾರ. ಸಣ್ಣ ಹುಡುಗೇರು ನಿಮ್ಮ ಮಗ್ಗಲಕ ಕುಂದರ್ತಾವ, ಕೈ ಹಿಡದು ಪಾಟಿ ಮ್ಯಾಲ ತಿದ್ದಸ್ತೀರಿ. ನಾಳೆ ಏನರ ಆದ್ರ ಯಾರ ಕೇಳಬೇಕು? ಒಂದು ಡಾಕ್ಟರ ಕಾಗದ ತಂದಬಿಡ್ರಿ. ಅಲ್ಲೀತನಕಾ ಶಾಲಿ ಬಾಗಲಾ ಹಾಕೂಣು."

ಹುಡುಗಿಯರು ಮಗ್ಗಿ ನಿಲ್ಲಿಸಿ ಕೇಳುತ್ತಿದ್ದರು. ಶಾರವ್ವನಿಗೆ ಕೆಂಪು ಕುತ್ತಿಗೆಯಿಂದ ಹೊರಟು ಕಿವಿಯ ತನಕ ಏರುವುದು, ಏರಿ ಅಲ್ಲೇ ಕೂರುವುದು ತಿಳಿಯಿತು. ಅದನ್ನು ನಿಲ್ಲಿಸಬೇಕು ಎಂದುಕೊಂಡಷ್ಟೂ ಅದು ಹೆಚ್ಚಾಯಿತು. "ಆಗಲ್ರಿ," ಎಂದಳು. ಡಾಕ್ಟರ ಕಾಗದ. ಆ ಎರಡು ಮಾತು ತನ್ನದೇ ಬಾಯಿಂದ, ಇದೇ ಹೊಸ್ತಿಲಲ್ಲಿ ನಿಂತು, ಇಷ್ಟೇ ಮೆತ್ತಗೆ ಹೊರಟಿತ್ತು. ಮೂರು ವರ್ಷದ ಹಿಂದೆ, ಮುಖಕ್ಕೆ ಈ ಕೆಂಪು ಏರತೊಡಗುವುದಕ್ಕೆ ಸ್ವಲ್ಪ ಮೊದಲು. ಎದುರಿಗೆ ಕೆಳಗಿನ ಕೇರಿಯ ಕರೆವ್ವ ನಿಂತಿದ್ದಳು, ತಲೆಯ ಮೇಲೆ ಹುಲ್ಲಿನ ಹೊರೆ; ಮಗ್ಗುಲಲ್ಲಿ ಮಗಳು ದುರಗಿ, ಹತ್ತು ವರ್ಷದವಳು, ಮೂರನೆಯ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಓದಿ ಮುಗಿಸಿದವಳು. ಆ ಹುಡುಗಿಯನ್ನು ಬಿಡಿಸಿ ಎಂದು ಕಮಿಟಿಯವರು ಆರು ಸಲ ಬಂದಿದ್ದರು. ಬಿಡಿಸಲು ಬರುವುದಿಲ್ಲ, ಸರಕಾರದ ಕಾಯದೆ ಇದೆ, ಎಂದು ಅವಳು ಐದು ಸಲ ಹೇಳಿದ್ದಳು. ಐದು ಸಲ ಹೇಳಿದ್ದು ನಿಜ. ಆರನೆಯ ಸಲಕ್ಕೆ ದುರಗಿಯ ಮೊಣಕೈ ಮೇಲೆ ಬೆಳ್ಳನೆಯ ಒಂದು ಮಚ್ಚೆ ಕಾಣಿಸಿತು. ಚಿಬ್ಬು. ಶಾರವ್ವನ ತಮ್ಮನಿಗೂ ಸಣ್ಣವನಿದ್ದಾಗ ಬೆನ್ನ ತುಂಬ ಆಗಿ ತಾನೇ ಹೋಗಿತ್ತು; ನೋಡಿದ ಕೂಡಲೆ ಗುರುತು ಹಿಡಿದಿದ್ದಳು. ಗುರುತು ಹಿಡಿದು, ರಜಿಸ್ಟರಿನ ಷರಾದಲ್ಲಿ ಬರೆದಿದ್ದಳು: ಚರ್ಮರೋಗದ ಮೂಲಕ ಹೆಸರು ಕಮ್ಮಿ ಮಾಡಿದೆ. ಇನ್‌ಸ್ಪೆಕ್ಟರರು ಹೊಗಳಿದ ಅದೇ ದುಂಡು ಅಕ್ಷರದಲ್ಲಿ. ಕರೆವ್ವನಿಗೆ, "ಡಾಕ್ಟರ ಕಾಗದ ತಗೊಂಡ ಬಾ, ಆಮ್ಯಾಲೆ ನೋಡೂಣು," ಎಂದಿದ್ದಳು. "ಡಾಕ್ಟರ ಎಲ್ಲಿರತಾನ್ರಿ ಅಕ್ಕೋರ?" "ಹಾನಗಲ್ಲಾಗ." ಕರೆವ್ವ ಹೊರೆಯ ಕೆಳಗಿನಿಂದ ಸ್ವಲ್ಪ ಹೊತ್ತು ನೋಡಿ, ಒಂದು ಚೇಷ್ಟೆಯ ಮಾತು ಕೇಳಿದವಳಂತೆ ನಕ್ಕು, ಮಗಳ ರಟ್ಟೆ ಹಿಡಿದುಕೊಂಡು ಹೋಗಿದ್ದಳು. ಆ ನಗು ಶಾರವ್ವನಿಗೆ ಬೈಗಳಿಗಿಂತ ಹೆಚ್ಚು ಕಾಲ ಉಳಿಯಿತು.

ಹಾನಗಲ್ಲಿನ ದವಾಖಾನೆಗೆ ಶಾರವ್ವ ಹೋಗುವ ಹಾಗಿರಲಿಲ್ಲ. ಅಲ್ಲಿಯ ಕಂಪೌಂಡರನ ಹೆಂಡತಿಯ ತವರುಮನೆ ತಿಳವಳ್ಳಿ. ಕಾಗದಕ್ಕಿಂತ ಮೊದಲು ಸುದ್ದಿ ಬರುತ್ತಿತ್ತು. ವೀಳ್ಯದೆಲೆ ಮಾರಲು ಬರುತ್ತಿದ್ದ ಸವಣೂರಿನ ಹೆಂಗಸೊಬ್ಬಳು ತಮ್ಮೂರಿನ ನಬೀಸಾಬ ಡಾಕ್ಟರರ ಮಾತು ಹೇಳಿದ್ದಳು, ಮಿಲಿಟರಿಯಲ್ಲಿದ್ದು ಬಂದವರು, ಮುಟ್ಟಿ ನೋಡುತ್ತಾರೆ ಎಂದು. ಮುಟ್ಟಿ ನೋಡುತ್ತಾರೆ ಎಂಬುದನ್ನು ಆ ಹೆಂಗಸು ಒಂದು ದೊಡ್ಡ ಗುಣವೆಂಬಂತೆ ಹೇಳಿದ್ದಳು. ಗುರುವಾರ ಹೊತ್ತು ಮೂಡುವಾಗ ಶಾರವ್ವ ಹೊರಟಳು. ಹಾನಗಲ್ಲಿನಲ್ಲಿ ಮೋಟಾರು ಬದಲಿಸಬೇಕು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟಾರಿನ ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿದ್ದರು, ಅವಳಿಗೆ ಸಿಕ್ಕದ್ದು ಅದಕ್ಕೆ ಹತ್ತಿದ ಹಿಂದಿನ ಜಾಗ. ಬಂಕಾಪುರ ಬರುವುದರೊಳಗೆ ಮುಖ ಕುದಿಯುತ್ತಿತ್ತು. ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಹೆಂಗಸು ಅವಳ ಸೆರಗು ಗಾಳಿಗೆ ಸರಿದಾಗ ಒಮ್ಮೆ ನೋಡಿದಳು, ಆಮೇಲೆ ಏನೂ ಆಗದವಳಂತೆ ಕೂಸನ್ನು ಆಚೆಯ ತೊಡೆಗೆ ಬದಲಿಸಿದಳು. ಎಷ್ಟು ಮೆತ್ತಗೆ ಬದಲಿಸಿದಳೆಂದರೆ ಕೂಸು ಎಚ್ಚರಾಗಲಿಲ್ಲ. ಶಾರವ್ವನಿಗೆ ಸಿಟ್ಟು ಬರಲಿಲ್ಲ. ತಾನೂ ಬದಲಿಸುತ್ತಿದ್ದೆ ಎನ್ನಿಸಿತು. ದೊಡ್ಡ ಜಡ್ಡೇ, ಕುಷ್ಠವೇ ಆಗಿದ್ದರೆ? ಹುಬ್ಬಿನ ಕೂದಲು ಉದುರಿ, ಬೆರಳು ಮೊಂಡಾಗಿ, ಗುಡಿಯ ಮುಂದೆ ಕೂರುವವರ ಸಾಲು ಕಣ್ಣಿಗೆ ಬಂತು. ಆಗಿದ್ದರೆ ಒಂದು ಥರದಲ್ಲಿ ಲೆಕ್ಕ ಸರಿಹೋಗುತ್ತದೆ, ಎಂದುಕೊಂಡಳು; ಆ ವಿಚಾರ ಕೊಟ್ಟ ನೆಮ್ಮದಿಗೆ ತಾನೇ ಹೆದರಿದಳು.

ಡಾಕ್ಟರರ ಮನೆಯ ಮುಂದಿನ ಕೋಣೆಯೇ ದವಾಖಾನೆ. ಅರವತ್ತು ದಾಟಿದ, ಬಿಳಿ ಗಡ್ಡದ ಸಣ್ಣ ಆಳು. ಹೆಣ್ಣು ರೋಗಿ ಬಂದರೆ ಹೆಂಡತಿ ಮಾಬೂಬಿ ಬಂದು ಒಂದು ಕುರ್ಚಿಯ ಮೇಲೆ ಅಡಿಕೆ ಕತ್ತರಿಸುತ್ತ ಕೂರುತ್ತಿದ್ದಳು. "ಸೆರಗ ತಗೀರಿ ಬಾಯಾರ, ಬೆಳಕಿಗೆ ಬರ್ರಿ," ಎಂದರು ನಬೀಸಾಬರು. ಶಾರವ್ವ ಕಿಟಕಿಯ ಹತ್ತಿರ ಕೂತಳು. ಅವರು ಮುಖವನ್ನು ನೋಡಿದರು, ಅವಸರವಿಲ್ಲದೆ, ಒಂದು ಪುಟ ಓದುವ ಹಾಗೆ, ಮೇಲಿನಿಂದ ಕೆಳಗೆ. ಮೂರು ವರ್ಷದಿಂದ ಎಲ್ಲರೂ ಅವಳ ಕಿವಿಯನ್ನೋ ಭುಜವನ್ನೋ ಹಿಂದಿನ ಗೋಡೆಯನ್ನೋ ನೋಡಿ ಮಾತಾಡುತ್ತಿದ್ದರು ಎಂಬುದು ಆಗ ಪೂರ್ತಿ ತಿಳಿಯಿತು. ಆಮೇಲೆ ಅವರು ಕೈಯಿಂದ ಮುಟ್ಟಿದರು. ಕಿವಿಯ ಹಿಂದೆ ಒತ್ತಿದರು, ಮೊಣಕೈ ಮಡಿಸಿ ಅದರ ಸಂದಿಯಲ್ಲಿ ಏನನ್ನೋ ತಡಕಿದರು. "ಕಣ್ಣ ಮುಚ್ರಿ. ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ."

ಕಣ್ಣು ಮುಚ್ಚಿದಳು. ಕತ್ತಲಲ್ಲಿ ಎಡಗೆನ್ನೆಗೆ ಏನೋ ಬಂದು ಸೋಕಿತು, ಹಕ್ಕಿಯ ಗರಿ ಇರಬೇಕು. "ಹೂಂ." ಹಣೆ. "ಹೂಂ." ಮೂಗಿನ ಪಕ್ಕ. "ಹೂಂ." ಸೂಜಿಯ ಮೊನೆ, ಗಲ್ಲದ ಮೇಲೆ. "ಹೂಂ." ತಣ್ಣಗಿನದು, ಬಿಸಿಯದು. ಪ್ರತಿ ಸಲವೂ ಹೂಂ ಎನ್ನುವಾಗ ಇನ್ನೊಂದು ಮುಟ್ಟುವಿಕೆಗೆ ಕಾಯುತ್ತಿದ್ದಳು. ಗಂಡನ ಕೈ ಕೆನ್ನೆಗೆ ತಾಗಿದ್ದ ನೆನಪು ಇರಲಿಲ್ಲ, ಅವನ ಜ್ವರದ ಹಣೆಗೆ ತನ್ನ ಕೈ ಇಟ್ಟದ್ದು ಮಾತ್ರ ಇತ್ತು. ಮುಚ್ಚಿದ ರೆಪ್ಪೆಗಳ ಸಂದಿಯಿಂದ ನೀರು ಇಳಿಯಿತು. "ನೋವಾತೇನ್ರಿ?" "ಇಲ್ರಿ." ಅಡಿಕೆ ಕತ್ತರಿಸುವ ಸದ್ದು ನಿಂತಿತ್ತು. ಮಾಬೂಬಿ ಎದ್ದು ಬಂದು ತನ್ನ ಓಢಣಿಯ ತುದಿಯಿಂದ ಅವಳ ಕೆನ್ನೆಯನ್ನು ಒತ್ತಿ ಒರಸಿದಳು.

"ದೊಡ್ಡ ಜಡ್ಡಲ್ರಿ," ಎಂದರು ನಬೀಸಾಬರು. "ಅದರ ಸಮೀಪದ್ದೂ ಅಲ್ಲ. ಮಾರಿಗೆ ರಕ್ತ ಏರೂ ಜಡ್ಡು ಇದು. ಮಿಲಿಟರಿಯೊಳಗ ಗೋರಾ ಸಾಹೇಬರಿಗೆ ಬಾಳ ನೋಡೇನಿ, ಕುಡದದ್ದಕ್ಕ ಬಂತು ಅಂತ ಮಂದಿ ನಗತಿದ್ರು. ಕುಡೀದವರಿಗೂ ಬರತೈತಿ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ."

"ವಾಸಿ ಆಗ್ತೈತೇನ್ರಿ?"

ಅವರು ಬಹಳ ಹೊತ್ತು ಕೈ ತೊಳೆದುಕೊಂಡರು. "ಸುಳ್ಳು ಹೇಳೂದಿಲ್ರಿ. ಪೂರಾ ಹೋಗೂದಿಲ್ಲ. ಕಮ್ಮಿ ಆಗ್ತೈತಿ, ಮತ್ತ ಬರತೈತಿ. ನೀವು ಅದನ್ನ ಕೆಣಕಬಾರದು, ಅಷ್ಟಽ. ಯಾವ ಸಾಬೂನ ಹಚ್ಚತೀರಿ?" ಹೇಳಿದಳು. ಅವರು ತಲೆಗೆ ಕೈ ಹಚ್ಚಿಕೊಂಡರು. "ಅರಿವಿ ಒಗಿಯೂದ್ರಿ ಅದು! ತಣ್ಣೀರಿಲೆ ತೊಳಕೋರಿ, ದಿನಕ್ಕ ಎರಡು ಸಲ. ತಿಕ್ಕಬ್ಯಾಡ್ರಿ, ಒತ್ತಿ ಒರಸ್ರಿ. ಬಿಸಿ ಚಾ ಬ್ಯಾಡ, ಆರಿಸಿ ಕುಡೀರಿ. ಬಿಸಲಾಗ ಕೊಡಿ ಹಿಡೀರಿ. ಒಲಿ ಮುಂದ ಕುಂದರಬ್ಯಾಡ್ರಿ. ಖಾರ ಬಿಡ್ರಿ."

"ಖಾರ ಬಿಡೂದು?"

"ಹೂಂ ರಿ. ಬ್ಯಾಡಗಿ ಮಗ್ಗಲಕ ಇದ್ದವರಿಗೆ ಹೇಳಬಾರದ ಮಾತು, ಆದರ ಹೇಳಾಕತ್ತೇನಿ." ಗಂಧಕದ ಮುಲಾಮಿನ ಒಂದು ಡಬ್ಬಿ ಕೊಟ್ಟರು, ಮಲಗುವಾಗ ಬಟಾಣಿ ಕಾಳಿನಷ್ಟು, ಹೆಚ್ಚಲ್ಲ. "ನನ್ನ ತಪ್ಪಿಗೆ ಬಂತೇನೋ ಅಂತ ವಿಚಾರ ಮಾಡಬ್ಯಾಡ್ರಿ. ಎಲ್ಲಾರೂ ಮಾಡ್ತಾರ. ಚರ್ಮಕ್ಕ ಅದೆಲ್ಲಾ ಗೊತ್ತಾಗೂದಿಲ್ಲ." ಎಂದು ಕಾಗದ ಬರೆಯಲು ಕೂತರು.

ಲೇಖಣಿಯ ಸದ್ದನ್ನೇ ಕೇಳುತ್ತಿದ್ದ ಶಾರವ್ವ, "ಇನ್ನೊಂದು ಕೇಳತೇನ್ರಿ," ಎಂದಳು. "ಒಂದು ಹುಡುಗಿ ಇತ್ರಿ. ಮೊಣಕೈ ಮ್ಯಾಲ ಬೆಳ್ಳನ ಮಚ್ಚಿ."

"ಕೆರದ್ರ ಹಿಟ್ಟಿನಂಗ ಉದರತಿತ್ತೇನು?"

"ಉದರತಿತ್ತು."

"ಮುಟ್ಟಿದ್ರ ಗೊತ್ತಾಗತಿತ್ತು?"

"ಗೊತ್ತಾಗತಿತ್ತು ಅನಸ್ತೈತಿ."

"ಚಿಬ್ಬು ರಿ. ಮತ್ತೇನಿಲ್ಲ. ಇದಽ ಮುಲಾಮ ಒಂದ ತಿಂಗಳ ಹಚ್ಚಿದ್ರ ಹೋಗ್ತಿತ್ತು." ಅವರು ತಲೆ ಎತ್ತಲಿಲ್ಲ. ನೋಡದೆ ಹೇಳಲು ಬರುವುದಿಲ್ಲ, ದೊಡ್ಡ ಜಡ್ಡೂ ಇರಬಹುದಿತ್ತು, ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅಷ್ಟು ಸಂದೇಹವನ್ನು ಹಿಡಿದುಕೊಂಡು ಅವಳು ಇನ್ನೊಂದಿಷ್ಟು ವರ್ಷ ಬದುಕುತ್ತಿದ್ದಳು. ಅವರು ಅನ್ನಲಿಲ್ಲ. ಕಾಗದಕ್ಕೆ ಮೊಹರು ಒತ್ತಿ ಕೈಗೆ ಕೊಟ್ಟರು.

ಸಂಜೆ ತಿಳವಳ್ಳಿಗೆ ಬಂದಿಳಿದಾಗ ಹೊತ್ತು ಇನ್ನೂ ಒಂದು ಮಾರು ಇತ್ತು. ಪರಮೇಶ್ವರಪ್ಪನವರ ಮನೆ ಬಲಕ್ಕೆ. ಅವಳ ಕಾಲು ಎಡಕ್ಕೆ ತಿರುಗಿತು. ಹನ್ನೊಂದು ವರ್ಷ ಆ ಊರಲ್ಲಿದ್ದು ಕೆಳಗಿನ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಕರೆವ್ವ ಮನೆಯ ಮುಂದೆ ಸಜ್ಜೆ ಹಸನು ಮಾಡುತ್ತಿದ್ದಳು. ಆಚೆಗೆ ದುರಗಿ, ಎತ್ತರವಾಗಿದ್ದಳು, ಕೈಗೆ ಬೂದಿ ಹಚ್ಚಿ ಹಚ್ಚಿ ತಿಕ್ಕುತ್ತಿದ್ದಳು. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈ. ಅಕ್ಕೋರನ್ನು ಕಂಡು ಇಬ್ಬರೂ ಎದ್ದು ನಿಂತರು. ಯಾರೋ ಸತ್ತಿರಬೇಕು ಎಂಬ ಹಾಗೆ ನೋಡಿದರು.

ಮೋಟಾರಿನಲ್ಲಿ ಕೂತು ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ದುರಗಿ ಕೈ ಮ್ಯಾಲಿಂದು," ಎಂದಳು ಶಾರವ್ವ, "ಅದು ಚಿಬ್ಬು. ನನಗ ಆಗಽ ಗೊತ್ತಿತ್ತು, ಕರೆವ್ವ."

ಕರೆವ್ವ ಮೊರವನ್ನು ಕೆಳಗಿಟ್ಟಳು. "ಮಳಿಗಾಲಕ್ಕ ತಾನಽ ಹೋತ್ರಿ," ಎಂದಳು. ಆಮೇಲೆ, ಅವಳ ಮುಖವನ್ನು ನೇರವಾಗಿ ನೋಡಿ, "ನಿಮಗೂ ಡಾಕ್ಟರ ಕಾಗದ ಕೇಳ್ಯಾರಂತಲ್ರಿ?"

"ಕೇಳ್ಯಾರ."

"ಸಿಕ್ತೇನ್ರಿ?"

"ಸಿಕ್ತು. ಇವತ್ತಽ ಹೋಗಿ ತಂದೆ."

"ಒಂದಽ ದಿನದಾಗ," ಎಂದಳು ಕರೆವ್ವ. ಅದರಲ್ಲಿ ವ್ಯಂಗ್ಯವಿರಲಿಲ್ಲ, ದೂರದ ಒಂದು ಊರಿಗೆ ಎಷ್ಟು ಹೊತ್ತಿಗೆ ಹೋಗಿ ಬರಬಹುದು ಎಂದು ತಿಳಿದುಕೊಂಡವಳ ದನಿಯಿತ್ತು. "ನಿಮ್ಮ ಮಾರಿ ಉರೀತೈತೇನ್ರಿ ಅಕ್ಕೋರ?"

"ಉರೀತೈತಿ."

"ಆಕೀದು ಉರೀತಿದ್ದಿಲ್ರಿ. ಸುಮ್ನ ಬೆಳ್ಳಗಿತ್ತು."

ದುರಗಿ ಕೈಯ ಬೂದಿ ತೊಳೆಯದೆ ಒಳಗೆ ಹೋದಳು. ಶಾರವ್ವನಿಗೆ ಗಂಟಲು ಒಣಗಿತ್ತು. ಬೆಳಗಿನಿಂದ ಸರಿಯಾಗಿ ನೀರು ಕುಡಿದಿರಲಿಲ್ಲ. ಬಾಗಿಲ ಪಕ್ಕದಲ್ಲಿ ಮಣ್ಣಿನ ಕೊಡ ಇತ್ತು, ಮೇಲೆ ತಾಟು ಮುಚ್ಚಿತ್ತು. ಕೇಳಬೇಕು ಎಂದುಕೊಂಡಳು. ಸವಣೂರಿನಲ್ಲಿ ಮಾಬೂಬಿ ಕೊಟ್ಟ ನೀರನ್ನೂ ಒಂದು ಗುಟುಕು ಕುಡಿದು ಇಟ್ಟಿದ್ದಳು, ಈಗ ಇಲ್ಲಿ ಕೇಳಬೇಕು, ಕೇಳಿದರೆ ಬಂದದ್ದಕ್ಕೆ ಒಂದು ಅರ್ಥ. ನಾಲಗೆ ಏಳಲಿಲ್ಲ. ಕರೆವ್ವ ಕೊಡದ ಕಡೆಗೆ ಹೋದ ಅವಳ ಕಣ್ಣನ್ನೂ ನೋಡಿದಳು, ಅಲ್ಲಿಂದ ತಿರುಗಿ ಬಂದ ಕಣ್ಣನ್ನೂ ನೋಡಿದಳು. "ದುರಗೀನ ಸೋಮವಾರದಿಂದ ಕಳಸು," ಎಂದು ಹೇಳಿ ಶಾರವ್ವ ಹೊರಟಾಗ ಕರೆವ್ವ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಮರುದಿನ ಶಾಲೆಯ ಬಾಗಿಲು ತೆಗೆದು, ಒಬ್ಬಳೇ ಕೂತು, ಹಳೆಯ ರಜಿಸ್ಟರು ತೆಗೆದಳು. ತನ್ನ ಷರಾದ ಕೆಳಗೆ ಬರೆದಳು: ಮೇಲೆ ಬರೆದದ್ದು ಸುಳ್ಳು. ಹುಡುಗಿಗೆ ರೋಗವಿರಲಿಲ್ಲ. ಕಮಿಟಿಯವರ ಒತ್ತಾಯಕ್ಕೆ ಅಂಜಿ ಬರೆದೆ. ಸಹಿ ಮಾಡಿ ತಾರೀಖು ಹಾಕಿದಳು. ಪರಮೇಶ್ವರಪ್ಪನವರು ಬಂದು ಡಾಕ್ಟರ ಕಾಗದ ಓದಿ ನಿಜವಾಗಿಯೂ ಸಂತೋಷಪಟ್ಟರು. "ಒಳ್ಳೇದಾತ್ರಿ ಅಕ್ಕೋರ, ನನಗ ಗೊತ್ತಿತ್ತು." ಆಮೇಲೆ ಅವಳು ರಜಿಸ್ಟರನ್ನು ಅವರ ಮುಂದೆ ಸರಿಸಿದಳು. ಓದುತ್ತ ಅವರ ಮುಖಕ್ಕೆ ಕೆಂಪು ಏರುವುದನ್ನು ಶಾರವ್ವ ನೋಡಿದಳು. ಬೇರೆಯವರ ಮುಖದ ಮೇಲೆ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದಿಲ್ಲ.

"ಇದನ್ನ ಯಾಕ ಬರದ್ರಿ? ಇನ್‌ಸ್ಪೆಕ್ಟರ ನೋಡಿದ್ರ ನಿಮ್ಮ ನೌಕರಿ ಹೋಗ್ತೈತಿ."

"ಹೋಗಬಹುದ್ರಿ."

"ಆ ಹಾಳಿ ಹರದಬಿಡ್ರಿ. ನಾ ಯಾರಿಗೂ ಹೇಳೂದಿಲ್ಲ."

"ಹಾಳಿಗೆ ನಂಬರ ಐತ್ರಿ." ಅವಳು ರಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. "ಆ ಮನಿ ಹುಡುಗಿ ಬಂದ್ರ ಹೆಸರು ಹಚ್ಚತೇನಿ. ನಿಮಗ ಹೇಳೂದು ಇಷ್ಟಽ."

"ನಮ್ಮ ಮಕ್ಕಳನ್ನ ನಾವು ಕಳಸೂದಿಲ್ಲ, ಅಕ್ಕೋರ. ಅದೂ ನಮ್ಮ ಕೈಯಾಗ ಐತಿ," ಎಂದರು ಅವರು, ಈ ಸಲ ನಕಾಶೆ ನೋಡದೆ. ಮೆಟ್ಟು ಹಾಕಿಕೊಂಡು ಹೋದರು.

ಮನೆಯಲ್ಲಿ ಎಲ್ಲ ಕೇಳಿದ ಮಂಜವ್ವ ಗೋಡೆಗೆ ಒರಗಿ ಕೂತಳು. "ನೌಕರಿ ಹೋದ್ರ ನಿನ್ನ ಒಬ್ಬಾಕಿದಽ ಅನ್ನ ಹೋಗೂದಿಲ್ಲ," ಎಂದಳು. "ಗೊತ್ತೈತವ್ವ." "ಬರಿಯೂಕಿಂತ ಮೊದಲ ನನ್ನ ಕೇಳಬೇಕಿತ್ತು." ಹೌದು, ಕೇಳಬೇಕಿತ್ತು. ಗಂಡ ಸತ್ತ ಮೇಲೆ ಅವಳನ್ನು ಧಾರವಾಡದ ಟ್ರೇನಿಂಗಿಗೆ ಕಳಿಸಲು ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟವಳು ಈ ಮುದುಕಿ. ಶಾರವ್ವ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಂಜವ್ವ ಎದ್ದು ಒಲೆಯ ಮುಂದೆ ಕೂತು, "ಖಾರ ಹಾಕದ ಪಲ್ಲೆ ಹ್ಯಾಂಗ ಮಾಡಬೇಕು, ಅದನ್ನರ ಹೇಳ್ಯಾನೇನು ನಿನ್ನ ಡಾಕ್ಟರ?" ಎಂದಳು. ಆ ರಾತ್ರಿ ಬದನೆಕಾಯಿ ಪಲ್ಲೆಗೆ ಬರೀ ಉಪ್ಪು, ಶೇಂಗಾ ಪುಡಿ. ಇಬ್ಬರೂ ಅದನ್ನೇ ಉಂಡರು.

ಸೋಮವಾರ ಇಪ್ಪತ್ತೇಳರಲ್ಲಿ ಒಂಬತ್ತು ಜನ ಬಂದರು. ಕುಂಬಾರರ ಇಬ್ಬರು, ಪಿಂಜಾರರ ಹುಡುಗಿ, ಅಂಚಿನ ಮನೆಗಳ ಮಕ್ಕಳು. ಮಂಗಳವಾರ ಎಂಟು. ದುರಗಿ ಬರಲಿಲ್ಲ. ಬುಧವಾರ ಹಾಜರಿ ಕರೆದು ಮುಗಿಸಿದಾಗ ಜಗಲಿಯ ಕೆಳಗೆ ಕರೆವ್ವ ನಿಂತಿದ್ದಳು. ಮಗ್ಗುಲಲ್ಲಿ ಏಳು ವರ್ಷದ ಒಂದು ಹುಡುಗಿ, ತಲೆಗೆ ಎಣ್ಣೆ ಹಚ್ಚಿ ಗಟ್ಟಿಯಾಗಿ ಹೆಣೆದಿದ್ದ ಜಡೆ.

"ದುರಗಿ ಬರೂದಿಲ್ರಿ," ಎಂದಳು ಕರೆವ್ವ. "ಕೇಳಿದೆ. ಒಲ್ಲೆ ಅಂದ್ಲು. ಬಾಳ ಅತ್ಲು, ಮತ್ತ ಒಲ್ಲೆ ಅಂದ್ಲು. ಇಕಿ ಸಣ್ಣಾಕಿ. ಫಕೀರವ್ವ."

"ಒಳಗ ಬರ್ರಿ."

ಕರೆವ್ವ ಒಳಗೆ ಬರಲಿಲ್ಲ. ಮಗಳ ಬಲಗೈ ಹಿಡಿದು ಕುಪ್ಪಸದ ತೋಳನ್ನು ಭುಜದ ತನಕ ಏರಿಸಿದಳು, ಬೆಳಕಿಗೆ ಹಿಡಿದಳು, ತಿರುಗಿಸಿ ಇನ್ನೊಂದು ಮಗ್ಗುಲು ತೋರಿಸಿದಳು. ಆಮೇಲೆ ಎಡಗೈ. ಜಡೆ ಎತ್ತಿ ಕುತ್ತಿಗೆಯ ಹಿಂದೆ. ಲಂಗ ಎತ್ತಿ ಮೊಣಕಾಲು. ಗಿರಾಕಿಗೆ ಬಟ್ಟೆ ತೋರಿಸುವವರಂತೆ, ಒಂದು ಅಂಗುಲ ಬಿಡದೆ. ಹುಡುಗಿ ಮನೆಯಲ್ಲಿ ಹೇಳಿಸಿಕೊಂಡು ಬಂದಿದ್ದಳೆಂದು ಕಾಣುತ್ತದೆ, ಹೇಳಿದ ಕಡೆ ತಿರುಗುತ್ತಿದ್ದಳು. "ನೋಡಕೋರಿ ಅಕ್ಕೋರ," ಎಂದಳು ಕರೆವ್ವ, "ಎಲ್ಲಾ ಈಗಽ ನೋಡಕೋರಿ. ಆಮ್ಯಾಲೆ ಅನಬ್ಯಾಡ್ರಿ."

ಎಂಟು ಹುಡುಗಿಯರು ನೋಡುತ್ತಿದ್ದರು. ಬೇಡ, ಬಿಡು, ಎಂದು ಹೇಳಿದರೆ ತನಗೆ ಹಗುರವಾಗುತ್ತದೆ ಎಂದು ಶಾರವ್ವನಿಗೆ ಅನ್ನಿಸಿತು; ಹಗುರವಾಗುವುದಕ್ಕೆ ಕರೆವ್ವ ಇದನ್ನು ಮಾಡುತ್ತಿರಲಿಲ್ಲ. ನಿಂತು ನೋಡಿದಳು. ರಕ್ತ ಕುತ್ತಿಗೆಯಿಂದ ಮುಖಕ್ಕೆ ನುಗ್ಗಿತು, ಕಿವಿ ಸುಟ್ಟಿತು, ಗುಳ್ಳೆಗಳೆಲ್ಲ ಒಟ್ಟಿಗೆ ಮಿಡಿದವು. ಸೆರಗು ಭುಜದ ಮೇಲೇ ಇತ್ತು. "ನೋಡಿದೆ," ಎಂದಳು. ಕರೆವ್ವ ಮಗಳ ತೋಳು ಇಳಿಸಿ, ಕುಪ್ಪಸ ಸರಿಮಾಡಿ, ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿ, ತಿರುಗಿ ನೋಡದೆ ಹೋದಳು.

ಹುಡುಗಿ ಹೊಸ್ತಿಲ ಹತ್ತಿರ ಬಂದು ನಿಂತಳು. ದುರಗಿ ಎರಡು ವರ್ಷ ಆ ಹೊಸ್ತಿಲಿನ ಹೊರಗೆ, ಜಗಲಿಯ ಮೇಲೆ ಕೂತು ಕಲಿತವಳು. ಮಳೆ ಬಂದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಆ ವಿಷಯ ಈ ಐದಾರು ದಿನಗಳಲ್ಲಿ ಒಂದು ಸಲವೂ ಶಾರವ್ವನ ನೆನಪಿಗೆ ಬಂದಿರಲಿಲ್ಲ. ರಜಿಸ್ಟರು, ಷರಾ, ಸಹಿ, ಎಲ್ಲ ನೆನಪಿಗೆ ಬಂದಿತ್ತು, ಇದೊಂದು ಬಂದಿರಲಿಲ್ಲ.

"ನಾ ಎಲ್ಲಿ ಕುಂದ್ರಲ್ರಿ?" ಎಂದಳು ಫಕೀರವ್ವ.

ಶಾರವ್ವ ಕೋಣೆಯನ್ನು ನೋಡಿದಳು. ಬಾರದೆ ಹೋದ ಹತ್ತೊಂಬತ್ತು ಹುಡುಗಿಯರ ಜಾಗ ಖಾಲಿ ಬಿದ್ದಿತ್ತು, ಮಣೆಗಳು ಸಾಲಾಗಿ ಹಾಗೇ ಇದ್ದವು. "ಒಳಗ ಬಾ," ಎಂದಳು. "ಎಲ್ಲಿ ಬೇಕು ಅಲ್ಲಿ ಕುಂದ್ರು."

ಹುಡುಗಿ ಹೊಸ್ತಿಲು ದಾಟಿದಳು. ನಡುವೆ ನಿಂತು ಒಂದೊಂದೇ ಮಣೆಯನ್ನು ನೋಡಿದಳು, ಅವಸರ ಮಾಡಲಿಲ್ಲ. ಆಮೇಲೆ ಎಲ್ಲಕ್ಕಿಂತ ಮುಂದಿನ ಸಾಲಿಗೆ ಹೋಗಿ, ಕಿಟಕಿಯ ಗಾಳಿ ಬರುವ ಮಣೆಯನ್ನು ಆರಿಸಿ, ಪಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.